ಫಿಸ್ಟುಲಾ ಕೇಸಿಗೆ ಸ್ಟಿಮ್ಯುಲೇಟರ್ ಸಾಕು: ನನ್ನ ಅನುಭವ

ಡಯಾಲಿಸಿಸ್ ರೋಗಿಗಳ ಮಣಿಕಟ್ಟಿನ ಫಿಸ್ಟುಲಾ (ಆರ್ಟರಿಗೆ ವೇನ್ ಜೋಡಿಸುವ ಆಪರೇಷನ್) ಕೇಸುಗಳನ್ನು ಈಗ ಅರಿವಳಿಕೆ ಕೊಡುವ ನಾನು ಸ್ಟಿಮ್ಯುಲೇಟರ್ (ಸೂಜಿಯಲ್ಲಿ ಸಣ್ಣ ಕರೆಂಟ್ ಹರಿಸಿ ನರ ಹುಡುಕುವ ಯಂತ್ರ) ಹಿಡಿದು ಆಕ್ಸಿಲರಿ ಬ್ಲಾಕಿನಲ್ಲೇ, ಅಂದರೆ ಕಂಕುಳಲ್ಲಿ ಕೈಯ ನರಗಳಿಗೆ ಮದ್ದು ಕೊಟ್ಟು ಮರಗಟ್ಟಿಸಿ, ಮುಗಿಸುತ್ತೇನೆ. ಹತ್ತರಲ್ಲಿ ಒಂಬತ್ತು ಕೇಸಿಗೆ ಮತ್ತೆ ಲೋಕಲ್ (ಕೊಯ್ಯುವ ಜಾಗಕ್ಕೇ ಚುಚ್ಚುವ ಮದ್ದು) ಬೇಕಾಗುವುದಿಲ್ಲ. "ಅಲ್ಟ್ರಾಸೌಂಡ್ ಇಲ್ಲದೆ ಯಾಕೆ ಒದ್ದಾಡ್ತೀರಿ, ಸುಮ್ನೆ ಲೋಕಲ್ ಹಾಕಿಬಿಡಿ" ಅಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನರವನ್ನು ಕಣ್ಣಿಗೇ ತೋರಿಸುವ ಅಲ್ಟ್ರಾಸೌಂಡ್ ಯಾರಿಗೆ ಬೇಡ? ಲೀನಿಯರ್ ಪ್ರೋಬ್ ಇರುವ ಮೆಷಿನ್‌ಗೆ ಆರೇಳು ಲಕ್ಷ ಹೇಳಿದರು. ದುಡ್ಡು ಹೊಂದಿಸಿದರೂ ಪಿಸಿಪಿಎನ್‌ಡಿಟಿ, ಅಂದರೆ ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ ಇದೆ, ಒಂದು ನರ್ಸಿಂಗ್ ಹೋಮಿನಿಂದ ಇನ್ನೊಂದಕ್ಕೆ ಓಡುವ ನನ್ನಂಥವರು ಅದನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ತಿರುಗುವಂತಿಲ್ಲ. ಸ್ಟಿಮ್ಯುಲೇಟರ್ ನಲವತ್ತು ಸಾವಿರದ ಆಸುಪಾಸಿಗೆ ಬಂತು. ಕೈ ಕಚ್ಚಿದ್ದು ಸೂಜಿ. 50 ಎಂಎಂ ಇನ್ಸುಲೇಟೆಡ್, ಅಂದರೆ ತುದಿಯಲ್ಲಿ ಮಾತ್ರ ಕರೆಂಟ್ ಬಿಡುವ, ಸೂಜಿಗೆ ಏಳೆಂಟು ನೂರು, ಅದನ್ನು ಬಿಲ್ಲಿಗೆ ಹಾಕಲು ಯಾರೂ ಒಪ್ಪದೆ ಮೊದಮೊದಲು ನನ್ನ ಫೀಸಿನಲ್ಲೇ ಹೋಯಿತು.

ಹಿಂದೆ ಪ್ಯಾರಾಸ್ತೀಸಿಯಾ ಮಾಡುತ್ತಿದ್ದೆ, ಸೂಜಿ ನರಕ್ಕೆ ತಾಗಿ ಬೆರಳಿಗೆ ಶಾಕ್ ಹೊಡೆದರೆ ಅಲ್ಲೇ ಮದ್ದು. "ಬೆರಳಿಗೆ ಶಾಕ್ ಹೊಡೀತಾ ಅಜ್ಜ?" ಅಂದರೆ ಸೂಜಿ ಚುಚ್ಚುವ ಮೊದಲೇ "ಹೂಂ ಹೊಡೀತು" ಅನ್ನುವವರು! ಸೂಜಿಯನ್ನು ಆರ್ಟರಿಯ ಮೂಲಕ ತೂರಿಸಿ ಮದ್ದು ಕೊಡೋಣ ಅಂದರೆ ಹಿಂದಿನ ದಿನವಷ್ಟೇ ಡಯಾಲಿಸಿಸ್ಸಿಗೆ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮದ್ದು) ಕಂಡ ಮೈ, ಕಂಕುಳಲ್ಲಿ ರಕ್ತ ಕಟ್ಟುತ್ತಿತ್ತು. ಕೊರಳೆಲುಬಿನ ಮೇಲೆ ಚುಚ್ಚುವ ಸುಪ್ರಾಕ್ಲಾವಿಕ್ಯುಲರ್‌ನಲ್ಲಿ ಉಸಿರಾಟದ ಸ್ನಾಯು ಆಡಿಸುವ ಫ್ರೆನಿಕ್ ನರ ಕೂಡ ಮಲಗುವುದು ಮಾಮೂಲು, ಎದೆಯಲ್ಲಿ ನೀರು ತುಂಬಿದವರಿಗೆ ಅದು ಬೇಡವೇ ಬೇಡ.

ಸ್ಟಿಮ್ಯುಲೇಟರ್ ಬಂದಾಗಲೂ ಶುರುವಿನಲ್ಲಿ ಸೋಲೇ. ಮೀಡಿಯನ್ ನರ ಸಿಕ್ಕಿತು ಅಂತ ಔಷಧಿಯೆಲ್ಲ ಅಲ್ಲೇ ಸುರಿದರೆ ಬೆರಳು ಜೋಮು ಹಿಡಿಯುತ್ತದೆ, ಆದರೆ ಹೆಬ್ಬೆರಳ ಕಡೆ ಮಣಿಕಟ್ಟಿನ ಮೇಲೆ ಬ್ಲೇಡ್ ಇಟ್ಟ ಕೂಡಲೇ ರೋಗಿ ಕೈ ಎಳೆದುಕೊಳ್ಳುತ್ತಾರೆ. ಆ ಚರ್ಮ ಮಸ್ಕ್ಯುಲೋಕ್ಯುಟೇನಿಯಸ್‌ ನರದ್ದು, ಆ ನರ ಮೇಲೆಯೇ ಬೇರೆಯಾಗಿ ತೋಳಿನ ಕೊರಾಕೋಬ್ರೇಕಿಯಾಲಿಸ್ ಸ್ನಾಯುವಿನ ಒಳಗೆ ಹೋಗಿರುತ್ತದಲ್ವಾ. ಸರ್ಜನ್ ಮಾಸ್ಕಿನ ಮೇಲಿಂದ ನನ್ನನ್ನು ನೋಡುವ ನೋಟ ಇದೆಯಲ್ಲ, ಅದನ್ನು ನೀವೂ ಕಂಡಿರುತ್ತೀರಿ.

ಹಾಗಾಗಿ ಈಗ ಆ ಮಸ್ಕ್ಯುಲೋಕ್ಯುಟೇನಿಯಸ್ ನರವನ್ನೇ ಮೊದಲು ಹಿಡಿಯುತ್ತೇನೆ. ಕರೆಂಟ್ 1 ಮಿಲಿಆಂಪ್, 2 ಹರ್ಟ್ಜ್ (ಸೆಕೆಂಡಿಗೆ ಎರಡು ಸಲ). ಆರ್ಟರಿಯ ಮೇಲುಗಡೆ ಸ್ನಾಯುವಿಗೆ ಸೂಜಿ ಓರೆ ಮಾಡಿದರೆ ಟಿಕ್ ಟಿಕ್ ಅಂದಹಾಗೆಲ್ಲ ಮೊಣಕೈ ಮಡಚುತ್ತದೆ. ಆ ಕುಣಿತ ಉಳಿಯುವಂತೆ ಕರೆಂಟನ್ನು 0.4ರ ಹತ್ತಿರಕ್ಕೆ ಇಳಿಸಿ ಐದು ಎಂಎಲ್ ಮದ್ದು. ಆಮೇಲೆ ಮೀಡಿಯನ್. ಕೊನೆಗೆ ಆರ್ಟರಿಯ ಹಿಂದೆ ರೇಡಿಯಲ್ ನರ, ಜಾಸ್ತಿ ಹೊತ್ತು ತಿನ್ನುವುದು ಇದೇ. ಮಣಿಕಟ್ಟು ಎದ್ದು ಬೆರಳು ಬಿಚ್ಚಿಕೊಳ್ಳಬೇಕು, ಬರೀ ಟ್ರೈಸೆಪ್ಸ್ ಕುಣಿದರೆ ನಾನು ಒಪ್ಪುವುದಿಲ್ಲ. 0.2ಕ್ಕೂ ಕುಣಿಯುತ್ತಿದ್ದರೆ ನರಕ್ಕೆ ತೀರಾ ಹತ್ತಿರ ಅಂತ, ಸೂಜಿ ತುಸು ಹಿಂದಕ್ಕೆ. ಹಳೇ ಶುಗರ್‌ನವರಲ್ಲಿ ಕೆಲವೊಮ್ಮೆ 0.5ಕ್ಕೂ ಇಳಿಯುವುದಿಲ್ಲ, ಹಟ ಮಾಡಬೇಡಿ. ರೇಡಿಯಲ್ ಬೇಗ ಸಿಗಲು ತೋಳು ಇಡುವ ಒಂದು ಕಸರತ್ತಿದೆ, ಅದನ್ನು ಒಟಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ನಡುವೆ ಮದ್ದಿಗೆ ಮೊದಲು ಡೆಕ್ಸ್ಟ್ರೋಸ್ (ಗ್ಲೂಕೋಸ್ ನೀರು) ಬಿಡುವ ಹುಚ್ಚೂ ಹಿಡಿದಿತ್ತು. ಮರಗಟ್ಟಿಸುವ ಲಿಗ್ನೊಕೇನ್ ಒಂದು ಎಂಎಲ್ ಬಿದ್ದರೆ ಟ್ವಿಚ್ (ಸ್ನಾಯುವಿನ ಕುಣಿತ) ಮಾಯ, 5% ಡೆಕ್ಸ್ಟ್ರೋಸ್ ಕರೆಂಟ್ ಹರಿಯಗೊಡದ ಕಾರಣ ಟ್ವಿಚ್ ನಿಲ್ಲುವುದಿಲ್ಲ. ನೋಡೋಕೆ ಮಜಾ. ಬ್ಲಾಕ್ ಅದರಿಂದ ಚೆನ್ನಾಗಿ ಆದಂತೆ ಕಾಣಲಿಲ್ಲ, ಬಿಟ್ಟೆ.

ಔಷಧಿ ಒಟ್ಟು 25 ಎಂಎಲ್ ಸುತ್ತಮುತ್ತ, ತೂಕ ನೋಡಿ ಕಡಿಮೆ. ಅದು ಹಿಡಿಯಲು ಇಪ್ಪತ್ತು ನಿಮಿಷ ಕಾಯಲೇಬೇಕು, ಅದಕ್ಕೆ ಹಿಂದಿನ ಕೇಸ್ ಹೊಲಿಗೆಗೆ ಬಂದಾಗಲೇ ಹೊರಗಿನ ಟ್ರಾಲಿಯಲ್ಲಿ ಬ್ಲಾಕ್ ಮುಗಿಸಿರುತ್ತೇನೆ. ಬ್ಲಾಕ್ ಹಿಡಿದ ಕೈಯಲ್ಲಿ ವೇನ್ ಉಬ್ಬಿ ನಿಲ್ಲುತ್ತದೆ, ಲೋಕಲ್‌ನಲ್ಲಿ ಅದು ಸಿಗುವುದಿಲ್ಲ. ಅದನ್ನು ಕಂಡ ಮೇಲೆ ಸೂಜಿಯ ದುಡ್ಡು ಪ್ಯಾಕೇಜಿಗೆ ಸೇರಿಸಿ ಅಂತ ಹಟ ಹಿಡಿದದ್ದು ಅದೇ ಸರ್ಜನ್.