200 ಡಾಲರ್ ಬಾಟಲಿಗೆ ಕೈ ಹಾಕುವ ಮುಂಚೆ: ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದವರಿಗೆ

ಪಿಆರ್ (ಇಲ್ಲಿ ಕಾಯಂ ನೆಲೆಸುವ ಪರವಾನಗಿ) ಬರುತ್ತದೋ ಇಲ್ಲವೋ, ಬಾಟಲ್ ಶಾಪ್‌ನ ಮೇಲಿನ ಶೆಲ್ಫ್ ಮಾತ್ರ ಬೇಗ ಕಣ್ಣಿಗೆ ಬೀಳುತ್ತದೆ. ಲಾರ್ಕ್, ಸಲಿವನ್ಸ್ ಕೋವ್ ಅಂತ ಆಸ್ಟ್ರೇಲಿಯಾದ ದ್ವೀಪ ರಾಜ್ಯ ತಾಸ್ಮೇನಿಯಾದ ಸಿಂಗಲ್ ಮಾಲ್ಟ್‌ಗಳು, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಬಾರ್ಲಿ ಮಾಲ್ಟ್‌ನಿಂದ ಮಾಡಿದ ವಿಸ್ಕಿ. ಬೆಲೆ 150, 200 ಡಾಲರ್, ಕೆಲವಕ್ಕೆ ಇನ್ನೂ ಜಾಸ್ತಿ. ಅದೇ ಅಂಗಡಿಯಲ್ಲಿ ಒಳ್ಳೆ ಸ್ಕಾಚ್ ಬ್ಲೆಂಡ್ (ಹಲವು ವಿಸ್ಕಿ ಬೆರೆಸಿದ್ದು) 60 ಡಾಲರ್‌ಗೆ ಸಿಗುತ್ತದೆ. ಅಷ್ಟು ಕೊಡಬಹುದಾ ಅಂತ ಹೊಸಬರು ಕೇಳುತ್ತಲೇ ಇರುತ್ತಾರೆ. ಕೊಡಬಹುದು, ಆದರೆ ಪಾರ್ಟಿಗೆ ಅಲ್ಲ.

ಯಾಕಿಷ್ಟು ಬೆಲೆ ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ‘ಟ್ಯಾಕ್ಸ್ ಗುರು, ಟ್ಯಾಕ್ಸ್’. ಅದು ಅರ್ಧ ನಿಜ. ಇಲ್ಲಿ ಒಂದು ಲೀಟರ್ ಅಪ್ಪಟ ಆಲ್ಕೋಹಾಲ್‌ಗೆ ಎಕ್ಸೈಸ್, ಅಂದರೆ ಅಬಕಾರಿ ಸುಂಕ, 100 ಡಾಲರ್ ದಾಟಿದೆ. 40 ಪರ್ಸೆಂಟ್‌ನ 700 ಎಂಎಲ್ ಬಾಟಲಿಗೆ ಲೆಕ್ಕ ಹಾಕಿದರೆ 28 ಡಾಲರ್‌ಗೆ ಕಮ್ಮಿ ಇಲ್ಲ, ಮೇಲೆ ಜಿಎಸ್‌ಟಿ. ಆದರೆ ಸ್ಕಾಚ್‌ಗೂ ಹೆಚ್ಚುಕಮ್ಮಿ ಇಷ್ಟೇ ಸುಂಕ ಬೀಳುತ್ತದಲ್ವಾ? 60 ಡಾಲರ್ ಸ್ಕಾಚ್‌ನಲ್ಲಿ ಅರ್ಧ ಸರ್ಕಾರಕ್ಕೇ ಹೋಯಿತು. ಇನ್ನು ಇಲ್ಲಿನ ಸಣ್ಣ ಡಿಸ್ಟಿಲರಿಗಳಿಗೆ ವರ್ಷಕ್ಕೆ ಕೆಲವು ಲಕ್ಷ ಡಾಲರ್‌ವರೆಗೆ ಎಕ್ಸೈಸ್ ಮನ್ನಾ ಬೇರೆ ಇದೆ. ಹಾಗಾಗಿ ಆ ಎರಡು ಬಾಟಲಿಗಳ ನಡುವಿನ ಅಂತರ ಟ್ಯಾಕ್ಸಿನದಲ್ಲ.

ಅದು ಸಣ್ಣ ಪ್ರಮಾಣದ ಬೆಲೆ. ತಾಸ್ಮೇನಿಯಾದಲ್ಲಿ 1839ರಲ್ಲಿ ನಿಂತುಹೋದ ಭಟ್ಟಿ ಮತ್ತೆ ಶುರುವಾಗಿದ್ದು 1992ರಲ್ಲಿ, ಬಿಲ್ ಲಾರ್ಕ್ ಅನ್ನುವವರು ಲೈಸೆನ್ಸ್ ಪಡೆದಾಗ. 1901ರ ಕಾನೂನಿನ ಪ್ರಕಾರ 2,700 ಲೀಟರ್‌ಗಿಂತ ಸಣ್ಣ ಭಟ್ಟಿ ಪಾತ್ರೆಗೆ ಲೈಸೆನ್ಸೇ ಇರಲಿಲ್ಲ. ಅವರು ತಮ್ಮ ಊರಿನ ಎಂಪಿಯನ್ನು ಹಿಡಿದು ಆ ಅಡ್ಡಿ ತೆಗೆಸಿದರು. ಅಂದರೆ ಈ ಕಸುಬಿಗೆ ವಯಸ್ಸು ಮೂವತ್ತು ಚಿಲ್ಲರೆ ವರ್ಷ. ಸ್ಕಾಟ್‌ಲೆಂಡಿನ ಹಾಗೆ ಗೋದಾಮುಗಟ್ಟಲೆ ಹಳೇ ದಾಸ್ತಾನು ಇಲ್ಲ. ಹಲವರು 100 ಲೀಟರ್‌ನ ಅಥವಾ ಇನ್ನೂ ಸಣ್ಣ ಪೀಪಾಯಿ ಬಳಸುತ್ತಾರೆ. ಮರ ಜಾಸ್ತಿ ತಾಗುತ್ತದೆ, ಬೇಗ ಬಣ್ಣ ರುಚಿ ಹಿಡಿಯುತ್ತದೆ, ಆವಿಯಾಗಿ ಹೋಗುವುದೂ ಜಾಸ್ತಿ. ಕೂಲಿ ಆಸ್ಟ್ರೇಲಿಯಾದ ಕೂಲಿ. ಮನೆಗೆ ಪ್ಲಂಬರ್ ಕರೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದರ ಮೇಲೆ 2014ರಲ್ಲಿ ಸಲಿವನ್ಸ್ ಕೋವ್‌ನ ಒಂದು ಫ್ರೆಂಚ್ ಓಕ್ ಪೀಪಾಯಿಯ ವಿಸ್ಕಿಗೆ ಜಗತ್ತಿನ ಅತ್ಯುತ್ತಮ ಸಿಂಗಲ್ ಮಾಲ್ಟ್ ಅಂತ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್ ಬಂತು. ಆಮೇಲೆ ಬೆಲೆ ಇಳಿಯುತ್ತದಾ?

ಆ ಹೆಸರು ಕೇಳಿ ನಾನೂ ಹಳ್ಳಕ್ಕೆ ಬಿದ್ದವನೇ. ಕೆಲಸ ಪರ್ಮನೆಂಟ್ ಆದ ಖುಷಿಗೆ ಒಂದು ತಾಸ್ಮೇನಿಯಾ ಬಾಟಲಿ ತಂದು ಊರಿನ ಹುಡುಗರನ್ನೆಲ್ಲ ಕರೆದೆ. ಮನೆಗೆ ಬಂದು ನೋಡಿದರೆ ಅದು 700 ಅಲ್ಲ, 500 ಎಂಎಲ್. ಅಂಗಡಿಯಲ್ಲಿ ಓದಿಯೇ ಇರಲಿಲ್ಲ. ಒಬ್ಬ ಲೋಟದ ತುಂಬ ಐಸ್ ಹಾಕಿ ಕಂಠಮಟ್ಟ ಸೋಡಾ ಸುರಿದ. ಇನ್ನೊಬ್ಬ ‘ಸ್ವಲ್ಪ ಒಗರು ಮಗಾ’ ಅಂತ ಕೋಕ್ ಬೆರೆಸಿದ. ಖಾರದ ಕೋಡುಬಳೆ, ಕಾಂಗ್ರೆಸ್ ಕಡ್ಲೆಬೀಜದ ಮುಂದೆ ಯಾವ ಪೀಪಾಯಿಯ ರುಚಿ ನಿಲ್ಲುತ್ತದೆ ಹೇಳಿ. ಬಾಟಲಿ ಖಾಲಿಯಾಗಿದ್ದು ಯಾರಿಗೂ ಗೊತ್ತಾಗಲಿಲ್ಲ, ನನ್ನ ಹೊಟ್ಟೆ ಉರಿದಿದ್ದೂ ಗೊತ್ತಾಗಲಿಲ್ಲ. ಅವರದೇನೂ ತಪ್ಪಿಲ್ಲ. ನಮ್ಮ ಕಡೆ ಎಣ್ಣೆ ಅಂದರೆ ಕೂಟ, ಮಾತು, ಸೋಡಾ. ಕೂಟಕ್ಕೆ ಬ್ಲೆಂಡೇ ಸರಿ.

ಆದ್ದರಿಂದ ಮೊದಲು ಬಾರ್‌ನಲ್ಲಿ ಒಂದು ನಿಪ್ ಕೇಳಿ, 30 ಎಂಎಲ್. ನೀರು ಬೇಕಾದರೆ ನಾಲ್ಕು ಹನಿ. ಹಿಡಿಸಿದರೆ ಬಾಟಲಿ ತಗೊಳ್ಳಿ. ಲೇಬಲ್‌ನಲ್ಲಿ ಅಪೆರಾ ಅಂದರೆ ಇಲ್ಲಿನ ಶೆರಿ ಇಟ್ಟ ಪೀಪಾಯಿ, ಟಾನಿ ಅಂದರೆ ಪೋರ್ಟ್ ಇಟ್ಟಿದ್ದು. ಶೆರಿ, ಪೋರ್ಟ್ ಎರಡೂ ಸ್ವಲ್ಪ ಸ್ಟ್ರಾಂಗ್ ವೈನ್‌ಗಳು, ಆ ಪೀಪಾಯಿಗಳು ಒಣದ್ರಾಕ್ಷಿಯ ಸಿಹಿ ಕೊಡುತ್ತವೆ. ಎಷ್ಟು ವರ್ಷದ್ದು ಅಂತ ಬರೆದಿರುವುದು ಕಮ್ಮಿ. ಇಲ್ಲಿ ಎರಡು ವರ್ಷ ಮರದಲ್ಲಿದ್ದರೆ ವಿಸ್ಕಿ ಅನ್ನಬಹುದು, ಸ್ಕಾಟ್‌ಲೆಂಡಿನಲ್ಲಿ ಮೂರು. ಅಷ್ಟು ದುಡ್ಡು ಬೇಡ ಅನ್ನುವವರಿಗೆ ಮೆಲ್ಬರ್ನ್‌ನ ಸ್ಟಾರ್‌ವರ್ಡ್ ಇದೆ. ಕೆಂಪು ವೈನ್ ಇಟ್ಟಿದ್ದ ಪೀಪಾಯಿಗಳಲ್ಲಿ ಮಾಗಿಸುತ್ತಾರೆ. ಗೋಧಿ, ಬಾರ್ಲಿ ಎರಡೂ ಸೇರಿದ ಅವರ ಟೂ-ಫೋಲ್ಡ್ ತಾಸ್ಮೇನಿಯಾ ಬಾಟಲಿಗಳ ಅರ್ಧ ಬೆಲೆಯೂ ಇಲ್ಲ. ನನ್ನ ಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಅದೇ.

ಡ್ರೈವಿಂಗ್: ರಕ್ತದಲ್ಲಿನ ಆಲ್ಕೋಹಾಲ್‌ಗೆ ಫುಲ್ ಲೈಸೆನ್ಸ್‌ನವರ ಮಿತಿ 0.05, ಪಿ-ಪ್ಲೇಟ್‌ನವರಿಗೆ (ಹೊಸ ಡ್ರೈವರ್‌ಗಳಿಗೆ) ಸೊನ್ನೆ, ನಮ್ಮ ಒಂದು ಲಾರ್ಜ್ ಅಂದರೆ ಇಲ್ಲಿ ಆಲ್ಕೋಹಾಲ್ ಅಳೆಯುವ ಲೆಕ್ಕದಲ್ಲಿ ಎರಡು ಸ್ಟ್ಯಾಂಡರ್ಡ್ ಡ್ರಿಂಕ್. ಊರಿಗೆ ಒಯ್ಯುವಾಗ ಏರ್‌ಪೋರ್ಟ್‌ನಲ್ಲಿ ಜಿಎಸ್‌ಟಿ ವಾಪಸ್ ಕೇಳಬೇಡಿ, ಸ್ಪಿರಿಟ್ಸ್‌ಗೆ ಕೊಡುವುದಿಲ್ಲ.

ಊರಿಗೆ ಒಯ್ಯುವುದರಲ್ಲೂ ಒಂದು ತಮಾಷೆ ಇದೆ. ಬೆಂಗಳೂರಿನ ಕೆಂಗೇರಿಯ ಚಿಕ್ಕಪ್ಪನಿಗೆ ಅಂತ ಇಲ್ಲಿಂದ ಒಂದು ಸಿಂಗಲ್ ಮಾಲ್ಟ್ ಹೊತ್ತೊಯ್ದೆ. ಅವರು ತಿರುಗಿಸಿ ಮುರುಗಿಸಿ ನೋಡಿ, ‘ಅಮೃತ್ ಇಲ್ಲೇ ಕಂಬಿಪುರದಲ್ಲಿ ಮಾಡ್ತಾರಲ್ಲೋ, ಇದನ್ನ ಅಷ್ಟು ದೂರದಿಂದ ಯಾಕೆ ತಂದೆ?’ ಅಂದರು. ಮಾತು ಸುಳ್ಳಲ್ಲ. ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲೇ ಮೊದಲು ಮಾರಾಟಕ್ಕೆ ಬಂತು.  ಊರಲ್ಲಿದ್ದಾಗ ನಾನು ಅಮೃತ್ ಮುಟ್ಟಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಜಾಸ್ತಿ ದುಡ್ಡು ಕೊಟ್ಟು ಹುಡುಕುತ್ತೇನೆ.

ನಮ್ಮ ಅಪ್ಪ ಬಾಟಲಿಯನ್ನು ಪೇಪರ್‌ನಲ್ಲಿ ಸುತ್ತಿ ಅಕ್ಕಿ ಮೂಟೆ ಹಿಂದೆ ಇಡುತ್ತಿದ್ದರು. ನಾನೂ ಇಲ್ಲಿ ಸುಮಾರು ದಿನ ಲಾಂಡ್ರಿಯಲ್ಲಿ ಬಚ್ಚಿಟ್ಟೆ. ಮಗಳು ತನ್ನ ಫ್ರೆಂಡ್ ಮನೆಯಲ್ಲಿ ಊಟದ ಟೇಬಲ್ ಮೇಲೇ ವೈನ್ ನೋಡಿ ಬಂದವಳು, ‘ಅಪ್ಪಾ, ಅದು ಕದ್ದು ತಂದಿದ್ದಾ?’ ಅಂದಳು. ಈಗ ಹಾಲ್‌ನ ಕಪಾಟಿನಲ್ಲೇ ಇದೆ. ಅಮ್ಮ ಬರುವ ವಾರ ಮಾತ್ರ ವಾಪಸ್ ಲಾಂಡ್ರಿಗೆ. ಮಗಳು ಅದಕ್ಕೂ ನಗುತ್ತಾಳೆ. ಆ ನಾಚಿಕೆ ಅವಳಿಗೆ ಅರ್ಥವಾಗುವುದಿಲ್ಲ. ಅರ್ಥ ಮಾಡಿಸಬೇಕಾ ಅಂತ ನನಗೂ ತಿಳಿಯದು.

ಕಪಾಟಿನಲ್ಲಿ ಒಂದು ಸ್ಟಾರ್‌ವರ್ಡ್, ಒಂದು ಅಮೃತ್ ಇರುತ್ತವೆ. ಆಸ್ಟ್ರೇಲಿಯಾದವರು ಬಂದರೆ ಅಮೃತ್, ನಮ್ಮವರು ಬಂದರೆ ಸ್ಟಾರ್‌ವರ್ಡ್. ಸೋಡಾ ಕೇಳುವವರಿಗೆ ಕೆಳಗಿನ ಖಾನೆಯಲ್ಲಿ ಬ್ಲೆಂಡ್.