ಒಣಗಿದ ಗೋಡಿನಿಂದ ಎದ್ದ ಮೊಯಿನಾ

"ಮೀನಿಗೆ ಹಾಕೋ ಮೊಯಿನಾ ಅಲ್ವಾ ಸಾರ್? ಮ್ಯಾಕ್ರೊಕೋಪಾ ಅಂತ ಬರೆದು ಮುಗಿಸಿ." ಎಲ್ಲರೂ ಹೇಳಿದ್ದು ಮೊಯಿನಾದ ಈ ಒಂದೇ ಜಾತಿಯ ಹೆಸರನ್ನು. ನಾನು ಒಪ್ಪಲಿಲ್ಲ. ಗಂಡನ್ನು ನೋಡದೆ, ಒಣಗಿದರೂ ಸಾಯದ ಮೊಟ್ಟೆಗಳ ಗಟ್ಟಿ ಕವಚವಾದ ಎಫಿಪಿಯಮ್ ನೋಡದೆ ಈ ನೀರು ಚಿಗಟಕ್ಕೆ ಹೆಸರಿಡುವುದು ತಪ್ಪು.

ಕೋಲಾರದ ಕಡೆ ನಮ್ಮೂರ ಕೆರೆಯಲ್ಲಿ ಎರಡು ಮಳೆಗಾಲ ಬಲೆ ಎಳೆದೆ. ಸಿಕ್ಕಿದ್ದೆಲ್ಲ ಹೆಣ್ಣು. ಬಲೆ ಸ್ಕ್ರೀನ್ ಪ್ರಿಂಟಿಂಗ್ ಬಟ್ಟೆಯಲ್ಲಿ ನಾನೇ ಹೊಲಿದದ್ದು. ಮುನ್ನೂರು ರೂಪಾಯಿ ಆಗಿರಬೇಕು, ಹೊರಗೆ ಐದಾರು ಸಾವಿರ ಹೇಳಿದ್ದರು. ಮೊದಲ ವರ್ಷದ ಸ್ಯಾಂಪಲ್ ಪೂರ್ತಿ ಹಾಳು. ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣಕ್ಕೆ ಹಾಗೇ ಹಾಕಿದ್ದೆ. ಚಿಪ್ಪು ಬಲೂನಿನಂತೆ ಉಬ್ಬಿ ಮೊಟ್ಟೆಗಳು ಹೊರಬಿದ್ದವು. ಸ್ಲೈಡು, ಗ್ಲಿಸರಿನ್ ಸೇರಿ ಎರಡು ಸಾವಿರ ಹೋಯಿತು. ಈಗ ಫಾರ್ಮಲಿನ್‌ಗೆ ಸಕ್ಕರೆ ಕರಗಿಸಿ ತಣ್ಣಗೆ ಮಾಡಿಕೊಳ್ಳುತ್ತೇನೆ. ಅದಕ್ಕೂ ಮುಂಚೆ ನೀರಿಗೆ ಸ್ವಲ್ಪ ಕುಡಿಯುವ ಗ್ಯಾಸ್ ಸೋಡಾ ಬಿಟ್ಟರೆ ಮಂಪರು ಹತ್ತಿ ಸುಮ್ನೆ ನಿಲ್ಲುತ್ತವೆ.

ಕೆರೆ ಒಣಗಿದ ಬೇಸಿಗೆಯಲ್ಲಿ ತಳದ ಗೋಡು ಎರಡು ಕೆಜಿ ತಂದೆ. "ಒಣ ಮಣ್ಣಲ್ಲಿ ಏನು ಹುಟ್ಟುತ್ತೆ?" ಅಂದರು. ನಾರ್ವೆಯ ಜೀವವಿಜ್ಞಾನಿ ಸಾರ್ಸ್ 1885ರಲ್ಲಿ ಡಾಫ್ನಿಯಾ ಲುಮ್ಹೋಲ್ಟ್ಸಿ ಅನ್ನುವ ಇನ್ನೊಂದು ನೀರು ಚಿಗಟವನ್ನು ವಿವರಿಸಿದ್ದೇ ಆಸ್ಟ್ರೇಲಿಯಾದಿಂದ ಬಂದ ಒಣ ಮಣ್ಣು ನೆನೆಸಿ! ಬೋರ್‌ವೆಲ್ ನೀರಲ್ಲಿ ಎರಡು ಸಲ ಏನೂ ಏಳಲಿಲ್ಲ. ಹಿಡಿದಿಟ್ಟ ಮಳೆನೀರು ಹಾಕಿದೆ. ನಾಲ್ಕನೇ ದಿನ ಬೆಳಗ್ಗೆ ಟಾರ್ಚ್ ಬಿಟ್ಟರೆ, ಬಿಳಿ ಚುಕ್ಕಿಗಳು ಕುಪ್ಪಳಿಸುತ್ತಿದ್ದವು.

ಒಂದು ಟಬ್ಬನ್ನು ಬೇಕಂತಲೇ ಗಾಳಿಯಾಡದಂತೆ ಮುಚ್ಚಿಟ್ಟೆ. ವಾರದಲ್ಲಿ ಕೆಂಪಗಾದವು. ಆಮ್ಲಜನಕ ಸಾಲದಿದ್ದರೆ ಹಿಮೋಗ್ಲೋಬಿನ್ ಜಾಸ್ತಿ ಮಾಡಿಕೊಳ್ಳುತ್ತವೆ. ಬಣ್ಣ ನೋಡಿ ಜಾತಿ ಹೇಳುವವರು ಇದನ್ನೊಮ್ಮೆ ಮಾಡಿ ನೋಡಿ.

ಗಂಡು ಬೇಕಿದ್ದರೆ ಕಿಕ್ಕಿರಿಸಿ ಇಡಬೇಕು, ಊಟ ಕಡಿಮೆ ಮಾಡಬೇಕು. ಎಷ್ಟು, ಯಾವಾಗ ಅನ್ನುವ ಲೆಕ್ಕ ಸದ್ಯಕ್ಕೆ ನನ್ನಲ್ಲೇ ಇರಲಿ, ಮೂರು ತಿಂಗಳ ದುಡಿಮೆ ಅದು. ಕೊನೆಗೆ ಮೂವತ್ತರಷ್ಟು ಗಂಡು ಸಿಕ್ಕವು. ಮುಂದಿನ ಮೀಸೆ ಉದ್ದ, ತುದಿಯಲ್ಲಿ ಪುಟ್ಟ ಕೊಕ್ಕೆಗಳು. ಹೆಣ್ಣಿನ ಬೆನ್ನ ಮೇಲೆ ಕುದುರೆ ಜೀನಿನಂಥ ಕಂದು ಎಫಿಪಿಯಮ್. ಅದನ್ನು ಸೂಜಿಯಲ್ಲಿ ಬಿಡಿಸಿದೆ. ಒಳಗೆ ಒಂದೇ ಮೊಟ್ಟೆ. ಮ್ಯಾಕ್ರೊಕೋಪಾ ಆಗಿದ್ದರೆ ಎರಡಿರುತ್ತಿತ್ತು. ತಲೆಯ ಮೇಲೆ ಕೂದಲಿಲ್ಲ, ಕಣ್ಣಿನ ಮೇಲ್ಗಡೆ ತಗ್ಗು ಸ್ಪಷ್ಟ. ಹನ್ನೆರಡು ಎಫಿಪಿಯಮ್ ಬಿಡಿಸಿದೆ, ಹನ್ನೆರಡರಲ್ಲೂ ಒಂದೇ.

ಇವೆಲ್ಲ ಮೊಯಿನಾದ ಇನ್ನೊಂದು ಜಾತಿ ಮೈಕ್ರುರಾಗೆ ಹೊಂದುತ್ತವೆ. ಆದರೆ ಮೈಕ್ರುರಾ ಅನ್ನುವುದೇ ಹಲವು ಜಾತಿಗಳ ಗುಂಪು ಅಂತ ಡಿಎನ್‌ಎ ಕೆಲಸ ತೋರಿಸಿದೆ. ಹಾಗಾಗಿ ಲೇಬಲ್‌ ಮೇಲೆ "ಮೊಯಿನಾ ಮೈಕ್ರುರಾ ಗುಂಪು" ಅಂತಲೇ ಬರೆದೆ. ಸ್ಲೈಡಿನ ಅಂಚಿಗೆ ನೇಲ್ ಪಾಲಿಶ್ ಎರಡು ಸುತ್ತು. ಉಳಿದ ಗೋಡನ್ನು ಕಾಗದದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದೇನೆ.