ನಾಯಿಗೆ ಮಂಪರಿನ ಇಂಜೆಕ್ಷನ್ ಕೊಡುವ ಮೊದಲು

ಸ್ಕ್ಯಾನ್ ರಿಪೋರ್ಟಿನಲ್ಲಿ ‘ಗುಲ್ಮ (ಸ್ಪ್ಲೀನ್) ದೊಡ್ಡದಾಗಿದೆ’ ಅಂತ ಬರೆಯುವ ಮೊದಲು ನಾನು ಒಂದು ಪ್ರಶ್ನೆ ಕೇಳಿಯೇ ಕೇಳುತ್ತೇನೆ: ಯಾವ ಇಂಜೆಕ್ಷನ್ ಕೊಟ್ಟು ಕಳಿಸಿದ್ದಾರೆ, ಎಷ್ಟು ಹೊತ್ತಿಗೆ? ಕೆಲವು ಮಂಪರಿನ ಮದ್ದಿಗೇ ಗುಲ್ಮ ಊದುತ್ತದೆ. ಎಷ್ಟೋ ಸಲ ಚೀಟಿಯಲ್ಲಿ ಮದ್ದಿನ ಹೆಸರೇ ಇರುವುದಿಲ್ಲ. ನಾಯಿ ತೂಕಡಿಸುತ್ತಿರುತ್ತದೆ, ಮನೆಯವರು ‘ಮೇಡಂ, ಕ್ಯಾನ್ಸರ್ ಏನಾದ್ರೂ ಇರಬಹುದಾ?’ ಅಂತ ಮುಖ ಸಣ್ಣ ಮಾಡಿಕೊಂಡು ನಿಂತಿರುತ್ತಾರೆ. ಈಗಷ್ಟೇ ಕೆಲಸಕ್ಕೆ ಸೇರಿದ ಪಶುವೈದ್ಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಯಿ ಸಾಕಿದವರೂ ಓದಬಹುದು.

ನಾಯಿಯ ಗುಲ್ಮ ಒಂಥರಾ ಹಗೇವು. ಮೈಯ ರಕ್ತದಲ್ಲಿ ನೂರಕ್ಕೆ 10ರಿಂದ 20 ಭಾಗ ಅಲ್ಲಿ ಅಡಗಿರಬಹುದು, ಅದರಲ್ಲೂ ಕೆಂಪು ಕಣಗಳೇ ಜಾಸ್ತಿ. ನಾಯಿ ಓಡಿದರೆ, ಹೆದರಿದರೆ, ರಕ್ತ ಹೋದರೆ ಗುಲ್ಮದ ಸ್ನಾಯು ಬಿಗಿಯಾಗಿ ಆ ರಕ್ತ ಹೊರಗೆ ಬರುತ್ತದೆ. ಮಂಪರಿಗೆ ಕೊಡುವ ಅಸಿಪ್ರೊಮಝೀನ್ ಆ ಬಿಗಿಯನ್ನೇ ಬಿಡಿಸುತ್ತದೆ. ಗುಲ್ಮ ಸಡಿಲವಾಗಿ ಕೆಂಪು ಕಣಗಳನ್ನು ಒಳಗೆ ತುಂಬಿಕೊಳ್ಳುತ್ತದೆ. ಪಿಸಿವಿ (ರಕ್ತದಲ್ಲಿ ಕೆಂಪು ಕಣ ನೂರಕ್ಕೆ ಎಷ್ಟು ಭಾಗ ಅನ್ನುವ ಲೆಕ್ಕ) 45 ಇದ್ದ ನಾಯಿಗೆ ಅರ್ಧ ಗಂಟೆಯಲ್ಲಿ 35ರ ಹತ್ತಿರ ಬಂದರೆ ಗಾಬರಿ ಬೇಡ. ರಕ್ತ ಎಲ್ಲೂ ಸೋರಿಲ್ಲ, ಒಳಗೇ ಇದೆ. ಅರಿವಳಿಕೆಗೆ ಕೊಡುವ ಥಯೋಪೆಂಟೋನ್ ಮಾಡುವುದೂ ಇದನ್ನೇ.

ಹಾಗಾಗಿ ಪರೀಕ್ಷೆಗೆ ರಕ್ತ ತೆಗೆಯುವುದು ಮೊದಲು, ಇಂಜೆಕ್ಷನ್ ಆಮೇಲೆ. ಸಣ್ಣ ಗಾಜಿನ ಕೊಳವೆಗೆ ರಕ್ತ ಎಳೆದು, ಒಂದು ತುದಿಗೆ ಜೇಡಿಮಣ್ಣಿನ ಬಿರಡೆ ಒತ್ತಿ, ಮಷಿನ್‌ನಲ್ಲಿ ತಿರುಗಿಸಿ. ಕೆಳಗೆ ಕೆಂಪು, ನಡುವೆ ತೆಳ್ಳನೆ ಬಿಳಿ ಗೆರೆ, ಮೇಲೆ ಹಳದಿ ನೀರು. ಕೆಂಪು ಎಷ್ಟಿದೆ ಅಂತ ಅಳೆದು ಸುಮ್ಮನಾಗಬೇಡಿ. ಕೊಳವೆ ಮುರಿದು ಆ ಹಳದಿ ನೀರನ್ನು ರಿಫ್ರಾಕ್ಟೋಮೀಟರ್ ಮೇಲೆ ಬಿಟ್ಟು ಪ್ರೋಟೀನ್ ಕೂಡ ನೋಡಿ. ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ನಾಯಿಯಲ್ಲಿ ಗುಲ್ಮ ಹಿಂಡಿಕೊಂಡು ಪಿಸಿವಿಯನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿದಿರುತ್ತದೆ, ಪ್ರೋಟೀನ್ ಮಾತ್ರ ಆಗಲೇ ಕುಸಿದಿರುತ್ತದೆ. ಪಿಸಿವಿ ಒಂದನ್ನೇ ನೋಡಿ ‘ಏನೂ ಆಗಿಲ್ಲ’ ಅಂದರೆ ಕೆಟ್ಟಿತು. ಇನ್ನೊಂದು ಮಾತು. ಮೂರು ಜನ ಅದುಮಿ ಹಿಡಿದು, ನಾಯಿ ಒದ್ದಾಡುವಾಗ ತೆಗೆದ ರಕ್ತದಲ್ಲಿ ಪಿಸಿವಿ ಇರುವುದಕ್ಕಿಂತ ಜಾಸ್ತಿಯೇ ಬರುತ್ತದೆ.

ಸ್ಕ್ಯಾನ್‌ಗೆ ಮಂಪರು ಬೇಕೇ ಬೇಕಾ? ಹೆಚ್ಚಿನ ನಾಯಿಗಳು ಮನೆಯವರು ತಲೆ ಹತ್ತಿರ ಕೂತು ಮಾತಾಡಿಸುತ್ತಿದ್ದರೆ ಸುಮ್ನೆ ಮಲಗುತ್ತವೆ. ಕಚ್ಚುವ ನಾಯಿಯಾದರೆ ಬ್ಯುಟಾರ್ಫನಾಲ್ ಸಾಕಾಗಬಹುದು. ಹೃದಯ ಚೆನ್ನಾಗಿದ್ದರೆ ಡೆಕ್ಸ್‌ಮೆಡೆಟೊಮಿಡೀನ್ ಕೊಡಬಹುದು, ಅದರಿಂದ ಗುಲ್ಮ ಅಷ್ಟಾಗಿ ಊದುವುದಿಲ್ಲ. ಝೈಲಝೀನ್ ಕೊಟ್ಟರೆ ವಾಂತಿ ಮಾಡುತ್ತವೆ, ಟೇಬಲ್ ಒರೆಸುವವಳು ನಾನು. ಕೆಟಮಿನ್-ಡಯಝಪಾಮ್ ಕೂಡ ಗುಲ್ಮಕ್ಕೆ ಅಂಥ ತೊಂದರೆ ಕೊಡುವುದಿಲ್ಲ. ಪ್ರೊಪೊಫಾಲ್ ಬಗ್ಗೆ ಒಮ್ಮತವಿಲ್ಲ, ಆದರೂ ಥಯೋಪೆಂಟೋನ್‌ಗಿಂತ ವಾಸಿ. ಮುಧೋಳದಂಥ ತೆಳ್ಳನೆ ಬೇಟೆನಾಯಿಗೆ ಥಯೋಪೆಂಟೋನ್ ಬೇಡವೇ ಬೇಡ. ಮೈಯಲ್ಲಿ ಕೊಬ್ಬು ಕಡಿಮೆ, ಎಚ್ಚರವಾಗುವುದು ತೀರಾ ತಡ.

ಮದ್ದಿಗೆ ಊದಿದ ಗುಲ್ಮ ಪರದೆಯಲ್ಲಿ ಎಲ್ಲಾ ಕಡೆ ಒಂದೇ ಸಮ ದಪ್ಪಗಿರುತ್ತದೆ. ಅಂಚು ಗುಂಡಗೆ, ಮೈ ನಯ, ಒಳಗೆ ಕಲೆ ಇಲ್ಲ. ಗುಲ್ಮದ ಬಾಲದ ತುದಿ ಮೂತ್ರಕೋಶದ ಹತ್ತಿರದವರೆಗೂ ಬಂದಿರಬಹುದು. ಗಡ್ಡೆ ಇದ್ದರೆ ಒಂದು ಕಡೆ ಉಬ್ಬಿರುತ್ತದೆ, ಒಳಗೆ ಕಪ್ಪು ಗುಳಿಗಳಿರಬಹುದು, ಸುತ್ತ ನೀರು ನಿಂತಿರಬಹುದು. ಅದನ್ನು ಮದ್ದಿನ ತಲೆಗೆ ಕಟ್ಟಬೇಡಿ.

ನಮ್ಮ ಕಡೆ ದೊಡ್ಡ ಗೊಂದಲ ಉಣ್ಣೆ ಜ್ವರದ್ದು. ಉಣ್ಣೆ ಕಚ್ಚಿ ಬರುವ ಬಬೇಸಿಯಾ, ಎರ್ಲಿಕಿಯಾ ಎರಡು ಸೋಂಕಿನಲ್ಲೂ ಗುಲ್ಮ ನಿಜವಾಗಿಯೇ ಊದುತ್ತದೆ, ರಕ್ತವೂ ನಿಜವಾಗಿಯೇ ಕಡಿಮೆಯಾಗುತ್ತದೆ. ಒಸಡು ಬಿಳಿಚಿಕೊಂಡಿದ್ದು ಪಿಸಿವಿ 15 ಇರುವ ನಾಯಿಗೆ ಅಸಿಪ್ರೊಮಝೀನ್ ಕೊಟ್ಟರೆ ಉಳಿದಿದ್ದ ಕೆಂಪು ಕಣವೂ ಗುಲ್ಮ ಸೇರುತ್ತದೆ. ಜೊತೆಗೆ ಬಿಪಿ ಬೇರೆ ಬೀಳುತ್ತದೆ. ಇಂಥ ನಾಯಿಗೆ ಅದನ್ನು ಕೊಡುವುದು ಬೇಡ, ಅಷ್ಟೇ. ಪ್ಲೇಟ್‌ಲೆಟ್ ನೋಡದೆ ಗುಲ್ಮಕ್ಕೆ ಸೂಜಿ ಚುಚ್ಚಲೂ ಹೋಗಬೇಡಿ.

ಆಪರೇಷನ್ ಮಾಡುವವರಿಗೂ ಒಂದು ಮಾತು. ಸಂತಾನಹರಣಕ್ಕೆ ಹೊಟ್ಟೆ ತೆರೆದಾಗ ಊದಿದ ಗುಲ್ಮ ಕತ್ತರಿಸುವ ಜಾಗದ ಕೆಳಗೇ ಇರಬಹುದು. ಮೊದಲ ಗೀರು ಹಾಕುವಾಗ ಹೊಟ್ಟೆಯ ಗೋಡೆಯನ್ನು ಮೇಲಕ್ಕೆತ್ತಿ ಹಿಡಿಯಿರಿ. ಗುಲ್ಮವನ್ನೇ ತೆಗೆಯುವ ಆಪರೇಷನ್ ಆದರೆ ಅಸಿಪ್ರೊಮಝೀನ್, ಥಯೋಪೆಂಟೋನ್ ಎರಡನ್ನೂ ಬಿಡಿ. ಇಲ್ಲದಿದ್ದರೆ ಅದರಲ್ಲಿ ತುಂಬಿದ ರಕ್ತವೂ ಟ್ರೇಗೆ ಹೋಗುತ್ತದೆ.

ಮದ್ದು ಆಗಲೇ ಕೊಟ್ಟಾಗಿದ್ದರೆ ಹೆಸರು, ಡೋಸು, ಟೈಮು ಮೂರನ್ನೂ ಚೀಟಿಯಲ್ಲಿ ಬರೆದು ಕಳಿಸಿ. ಮನೆಯವರೇ, ಬರೆದಿಲ್ಲದಿದ್ದರೆ ನೀವೇ ಕೇಳಿ ಬರೆಸಿಕೊಳ್ಳಿ. ಗುಲ್ಮ ಒಂದೇ ಸಮ ಊದಿದ್ದು, ನಾಯಿ ಮೊದಲು ಚೆನ್ನಾಗಿಯೇ ಇತ್ತು ಅಂದರೆ ನಾನು ಮಾರನೇ ದಿನ ಮದ್ದಿಲ್ಲದೆ ಕರೆಸುತ್ತೇನೆ. ಅದೇ ಜಾಗದಲ್ಲಿ ದಪ್ಪ ಅಳೆದು, ಪಿಸಿವಿ ಮತ್ತೆ ನೋಡಿ, ಆಮೇಲೆ ರಿಪೋರ್ಟ್ ಕೊಡುತ್ತೇನೆ.